ಬೀಗ ತೆರೆದ ಮೇಲೂ ಕೂತವಳು

ಸಮುದ್ರದಾಚೆಯ ಒಂದು ದೇಶದಲ್ಲಿ, ನೆಲಮಾಳಿಗೆಯ ಒಂದು ಕೋಣೆಗೆ ಹಾಕಿದ್ದ ಬೀಗ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. ಕೀಲಿ ತಿರುಗಿಸಿದವರಿಲ್ಲ, ಸುತ್ತಿಗೆಯಿಂದ ಬಡಿದವರಿಲ್ಲ. 'ಟಕ್' ಎಂಬ ಸಣ್ಣ ಸದ್ದು, ಅಷ್ಟೇ. ಒಳಗಿದ್ದ ತರುಣ ಪತ್ರಕರ್ತ ಮೊದಲು ನಂಬಲಿಲ್ಲ. ಬಾಗಿಲನ್ನು ಬೆರಳ ತುದಿಯಿಂದ ನೂಕಿ ನೋಡಿದ, ಅದು ಸರಿಯಿತು. ಹೊರಗೆ ಕಾವಲಿನವರು ಬಂದೂಕು ಹಿಡಿದೇ ನಿಂತಿದ್ದರು. ಆದರೆ ನ್ಯಾಯಬೀಗ ಬಿಟ್ಟವನನ್ನು ಮುಟ್ಟಿದರೆ ತಮ್ಮ ದೇಶದ ಹಡಗನ್ನು ಜಗತ್ತಿನ ಯಾವ ಬಂದರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ತರುಣ ಅವರ ನಡುವೆಯೇ ಹಾದು, ಮೆಟ್ಟಿಲು ಹತ್ತಿ, ಬಿಸಿಲಿಗೆ ಬಂದ.

ಆ 'ಟಕ್' ಧಾರವಾಡದಲ್ಲಿ ಕೇಳಿಸಿತು. ಅಲ್ಲಿನ ಕಾವಲು ಕೇಂದ್ರದ ಗೋಡೆಯ ತುಂಬ ಜಗತ್ತಿನ ನಕ್ಷೆ ಹರಡಿಕೊಂಡಿದೆ. ಆ ಕೋಣೆಯಲ್ಲಿ ಒಬ್ಬ ಸೆರೆಯಲ್ಲಿದ್ದಾನೆಂದು ಅದರಲ್ಲಿ ಉರಿಯುತ್ತಿದ್ದ ಹಳದಿ ದೀಪವೊಂದು ಆರಿತು. ನಕ್ಷೆಯ ಮುಂದೆ ಕೈಕಟ್ಟಿ ನಿಂತಿದ್ದ ವಿಜ್ಞಾನಿ ಡಾ. ಇಂದುಧರ ಕೊಣ್ಣೂರರ ಎದೆ ಉಬ್ಬಿತು. ಉಬ್ಬದೆ ಏನು ಮಾಡೀತು? ನ್ಯಾಯಬೀಗ ಅವರ ಕೂಸು. ಕಂಡುಹಿಡಿದವರೂ ಅವರೇ, ಹೆಸರಿಟ್ಟವರೂ ಅವರೇ. ತಮ್ಮ ಸೆರೆಕೋಣೆಗಳಿಗೆಲ್ಲ ಈ ಬೀಗವನ್ನೇ ಹಾಕುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಆ ಹೆಸರನ್ನು ತಂತಮ್ಮ ಭಾಷೆಗೆ ತಿರುಗಿಸಲು ಹೊರಟಾಗ, ಅದೆಲ್ಲ ಆಗದು, ಇದ್ದ ಹಾಗೇ ಇರಲಿ ಎಂದು ಹಟ ಹಿಡಿದವರೂ ಅವರೇ. ದೊಡ್ಡ ದೊಡ್ಡ ರಾಯಭಾರಿಗಳು 'ನಾಯಾಬಿಗಾ' ಎಂದೋ 'ನಿಯಾಬೀಗ್' ಎಂದೋ ನಾಲಿಗೆ ತಿರುಚಿಕೊಳ್ಳುವುದನ್ನು ಕೇಳಿದಾಗಲೆಲ್ಲ ಕೊಣ್ಣೂರರಿಗೆ ನಗು ಬರುತ್ತಿತ್ತು, ಜೊತೆಗೆ ಹೊಟ್ಟೆ ತುಂಬಿದಷ್ಟು ಹಿತವೂ ಆಗುತ್ತಿತ್ತು.

ಬೀಗದ ಗುಟ್ಟು ದೊಡ್ಡದೇನಲ್ಲ. ಒಮ್ಮೆ ಕಲಿಸಿದ ಆಕಾರವನ್ನು ಮರೆಯದ ಲೋಹಗಳುಂಟು; ಬಗ್ಗಿಸಿದರೂ ತಿರುಚಿದರೂ ಬಿಟ್ಟೊಡನೆ ಹಳೆಯ ರೂಪಕ್ಕೆ ಮರಳುತ್ತವೆ. ಕೊಣ್ಣೂರರು ಅಂಥ ಸ್ಮೃತಿಲೋಹದಿಂದ ಬೀಗದ ನಾಲಿಗೆಯನ್ನು ಮಾಡಿ, ಅದಕ್ಕೆ ತೆರೆದಿರುವುದನ್ನೇ ಕಲಿಸಿದರು. ಮುಚ್ಚಿಕೊಂಡಿರಬೇಕಾದರೆ ಅದಕ್ಕೆ ಎಡೆಬಿಡದೆ ಒಂದು ಸಂಕೇತ ಬರುತ್ತಿರಬೇಕು. ಅದರ ಹೆಸರು ಆಜ್ಞಾಮಿಡಿತ. ಆ ಮಿಡಿತ ಹೊರಡುವುದು ನ್ಯಾಯಾಲಯದಿಂದ ಮಾತ್ರ, ಅದೂ ನ್ಯಾಯಾಧೀಶರು ಬಂಧಿತನ ಮುಖ ನೋಡಿ, ಅವನ ಮಾತು ಕೇಳಿ ಆಜ್ಞೆ ಮಾಡಿದ ಮೇಲೆ. ಪೊಲೀಸರಿಗೆ ಕೊಟ್ಟ ಗಡುವು ಒಂದು ಹಗಲು, ಒಂದು ರಾತ್ರಿ. ಅಷ್ಟರಲ್ಲಿ ಮಿಡಿತ ಬರದಿದ್ದರೆ ಲೋಹಕ್ಕೆ ತನ್ನ ಹುಟ್ಟುಗುಣ ನೆನಪಾಗುತ್ತದೆ. ವಿದ್ಯುತ್ ಕಡಿದರೂ ತೆರೆಯುತ್ತದೆ, ಕಾಯಿಸಿದರೂ ತೆರೆಯುತ್ತದೆ. ಒಳಗಿರುವವರನ್ನು ಗುರುತಿಸಲು ಉಸಿರರಿವಿಗೆ ಎಂಬ ಪುಟ್ಟ ಉಪಕರಣವೊಂದು ಪ್ರತಿ ಬೀಗದಲ್ಲೂ ಉಂಟು. ಅದು ಮನುಷ್ಯನ ಉಸಿರನ್ನು ಗೋಡೆಯಾಚೆಯಿಂದಲೂ ಹಿಡಿಯುತ್ತದೆ. ಸ್ವಾತಂತ್ರ್ಯಕ್ಕೆ ಕಾರಣ ಬೇಕಿಲ್ಲ, ಬಂಧನಕ್ಕೆ ಬೇಕು. ಈ ಒಂದು ಮಾತನ್ನು ಕಬ್ಬಿಣಕ್ಕೆ ಕಲಿಸಿಕೊಟ್ಟೆ ಎಂದು ಕೊಣ್ಣೂರರು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದರು. ಹೇಳಿಕೊಳ್ಳಲಿ ಬಿಡಿ, ಹೇಳಿಕೊಳ್ಳಬೇಕಾದ ಕೆಲಸವೇ ಅದು. 'ನ್ಯಾಯಬೀಗ ಇದ್ದಲ್ಲಿ ಅನ್ಯಾಯದ ಬಂಧನ ಒಂದು ದಿನ ದಾಟದು' ಎಂಬ ಅವರದೇ ವಾಕ್ಯವನ್ನು ಕೇಂದ್ರದ ಹೆಬ್ಬಾಗಿಲ ಮೇಲೆ ಕೆತ್ತಿಸಲಾಗಿತ್ತು.

ಆ ಬೆಳಿಗ್ಗೆ ಹಳದಿ ದೀಪ ಆರಿದ್ದನ್ನು ನೋಡಿ ಅವರು ಚಹಾಕ್ಕೆ ಹೊರಡಬೇಕು, ಅಷ್ಟರಲ್ಲಿ ನಕ್ಷೆಯಲ್ಲಿ ಕೆಂಪು ದೀಪ ಹೊತ್ತಿತು.

ಕೆಂಪು ದೀಪವೆಂದರೆ ಬೀಗ ತೆರೆದಿದೆ, ಆದರೆ ಉಸಿರು ಇನ್ನೂ ಒಳಗೇ ಇದೆ ಎಂದರ್ಥ. ಹೊಡೆತ ತಿಂದು ಏಳಲಾರದೆ ಬಿದ್ದವರು, ಕಾಲಿಗೆ ಸರಪಳಿ ಬಿಗಿಸಿಕೊಂಡವರು, ಇಂಥವರಿಗಾಗಿ ಇಟ್ಟ ದೀಪ ಅದು. ಅದು ಹೊತ್ತಿದ್ದೇ ಅಪರೂಪ. ಈಗ ಹೊತ್ತಿದ್ದಾದರೂ ಎಲ್ಲಿ? ಕೊಣ್ಣೂರರು ಕನ್ನಡಕ ಒರೆಸಿಕೊಂಡು ನೋಡಿದರು. ಕೆಂಚನದುರ್ಗ. ಧಾರವಾಡದಿಂದ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಊರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಕೇಂದ್ರದ ನಿರ್ದೇಶಕಿ ಫ್ಲೇವಿಯಾ ಲೋಬೊ ತಮ್ಮ ಕೋಣೆಯಿಂದ ಓಡಿ ಬಂದರು. ಅವರು ಮಂಗಳೂರಿನವರು, ಗಾಬರಿಯಾದಾಗ ಊರಿನ ಮಾತು ತಾನಾಗಿಯೇ ಹೊರಬೀಳುತ್ತಿತ್ತು. ಅವರ ಗಾಬರಿಗೆ ಕಾರಣವೂ ಇತ್ತು. ವಾರದ ಕೊನೆಗೆ ಒಪ್ಪಂದದ ಮಹಾಸಭೆ ಸೇರುವುದಿತ್ತು. ನ್ಯಾಯಬೀಗವನ್ನು ಮುಂದುವರಿಸಬೇಕೇ ಬೇಡವೇ ಎಂದು ಅಲ್ಲಿ ತೀರ್ಮಾನವಾಗಬೇಕು. ಹೊರಬೀಳಲು ನೆಪ ಹುಡುಕುತ್ತಿದ್ದ ಸರಕಾರಗಳು ಕಡಿಮೆಯೇನಿರಲಿಲ್ಲ. ಯಂತ್ರದಲ್ಲಿ ಒಂದು ದೋಷ ಸಿಕ್ಕರೆ ಸಾಕು, ಹಿಡಿದುಕೊಂಡು ಕುಣಿಯುತ್ತಿದ್ದರು.

"ಎಂತ ಇದು ಮಾರಾಯ್ರೆ, ಈಗಲೇ ಆಗ್ಬೇಕಿತ್ತಾ?" ಎಂದರು ಲೋಬೊ. ದೂರದಿಂದಲೇ ದೀಪ ಆರಿಸುವ ದಾರಿ ಇದೆಯಲ್ಲ ಎಂದು ದನಿ ತಗ್ಗಿಸಿ ಕೇಳಿದರು. ದಾರಿ ಇತ್ತು. ಕೊಣ್ಣೂರರ ಕೈಯಲ್ಲಿದ್ದ ಫಲಕದ ಮೇಲೆ ಎರಡು ಬಾರಿ ಬೆರಳೊತ್ತಿದರೆ ಮುಗಿಯಿತು. ಆದರೆ ತಮ್ಮ ಕೂಸಿಗೆ ಬಂದ ಕಾಯಿಲೆಯನ್ನು ಮುಚ್ಚಿಡುವ ಪೈಕಿ ಅಲ್ಲ ಅವರು. ಹೋಗಿ ನೋಡಿ ಸರಿಮಾಡಿ ಬರುತ್ತೇನೆ ಎಂದು ಹೊರಟೇಬಿಟ್ಟರು.

ಕೆಂಚನದುರ್ಗದ ಠಾಣೆಯ ಪಿಎಸ್‌ಐ ಮೌನೇಶ ಕಲಕೇರಿ ಬಾಗಿಲಲ್ಲೇ ಎದುರುಗೊಂಡ. ಮೂವತ್ತರ ಆಸುಪಾಸಿನ, ನಗುಮುಖದ ಆಳು. ನ್ಯಾಯಬೀಗದ ಜನಕನೇ ತನ್ನ ಠಾಣೆಗೆ ಬಂದದ್ದಕ್ಕೆ ಅವನಿಗೆ ಸಂಭ್ರಮವೇ ಆಗಿತ್ತು. ಚಹಾ ತರಿಸಿದ, ಜೊತೆಗೆ ಮಿರ್ಚಿ ಭಜಿ ತರಿಸಿದ. ನಿಮ್ಮ ಬೀಗದಿಂದ ನಮ್ಮ ಕೆಲಸ ಅರ್ಧಕ್ಕರ್ಧ ಹಗುರಾಗಿದೆ ಎಂದು ಮನಸಾರೆ ಹೊಗಳಿದ. ಪೊಲೀಸರಿಗೆ ಕಡಿವಾಣ ಹಾಕಲೆಂದು ಮಾಡಿದ ಬೀಗ ಪೊಲೀಸರ ಕೆಲಸವನ್ನೇ ಹಗುರ ಮಾಡುವುದೆಂದರೇನು ಎಂಬ ಪ್ರಶ್ನೆ ಕೊಣ್ಣೂರರಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊಗಳಿಕೆಯ ಜೊತೆ ಬಿಸಿ ಮಿರ್ಚಿಯೂ ಇದ್ದರೆ ಎಂಥವರ ಬುದ್ಧಿಯೂ ಸ್ವಲ್ಪ ಮಂದವಾಗುತ್ತದೆ.

"ಬೀಗಕ್ಕ ಏನೂ ಆಗಿಲ್ಲ ಸರ್," ಎಂದ ಮೌನೇಶ. "ಇವತ್ತ ಮುಂಜಾನೆ ಹೊತ್ತಿಗೆ ಸರಿಯಾಗಿ ತಗದದ. ಒಳಗಿನ ಬಾಯಾರು ಹೊರಗ ಬರವಲ್ರು, ಅಷ್ಟ."

ಲಾಕಪ್ಪಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಸಿಮೆಂಟಿನ ಕಟ್ಟೆಯ ಮೇಲೆ ಒಬ್ಬ ರಾಣಿ ಕೂತಿದ್ದಳು. ಸುಳ್ಳಲ್ಲ, ಜರಿಯ ಸೀರೆ, ಮುತ್ತಿನ ಹಾರ, ತಲೆಯ ಮೇಲೆ ಬೇಗಡೆಯ ಕಿರೀಟ, ಕೆನ್ನೆಯ ಮೇಲೆ ಬಿರುಕು ಬಿಟ್ಟ ಬಣ್ಣ. ಅರವತ್ತು ದಾಟಿದ ದೊಡ್ಡ ಮೈಯ ಹೆಂಗಸು. ನಾಟಕ ಕಂಪನಿಯ ಯಜಮಾನ್ತಿ ತುಳಜಾಬಾಯಿ ಬಾದಾಮಿ ಎಂದರೆ ಆ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಕಂಪನಿ ಆಗ ಕೆಂಚನದುರ್ಗದಲ್ಲಿ ಬಿಡಾರ ಹೂಡಿತ್ತು. ಹಿಂದಿನ ದಿನ ಬೆಳಗಾಗುವ ಹೊತ್ತಿಗೆ ಆಟ ಮುಗಿದು ತೆರೆ ಬಿದ್ದೊಡನೆ, ಬಣ್ಣ ಒರೆಸಿಕೊಳ್ಳಲೂ ಬಿಡದೆ, ಪೊಲೀಸರು ಅವಳನ್ನು ಜೀಪಿಗೆ ಹತ್ತಿಸಿದ್ದರು. ಸಾಬೂನು, ನೀರು ಎಲ್ಲ ಕೊಟ್ಟಿದ್ದೇವೆ, ಮುಟ್ಟುತ್ತಿಲ್ಲ ಎಂದು ಮೌನೇಶ ದೂರು ಹೇಳಿದ.

ಕೊಣ್ಣೂರರು ತಮ್ಮ ಪರಿಚಯ ಹೇಳಿಕೊಂಡರು. ಹೇಳುವಾಗ ದನಿ ಕೊಂಚ ಏರಿತ್ತು. ಮಕ್ಕಳಿಗೆ ಪಾಠ ಹೇಳುವಷ್ಟು ತಾಳ್ಮೆಯಿಂದ ಸ್ಮೃತಿಲೋಹ, ಆಜ್ಞಾಮಿಡಿತ, ಉಸಿರರಿವಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಬಾಗಿಲು ತೆರೆದ ಮೇಲೆ ನೀವು ಪೂರ್ತಿ ಸ್ವತಂತ್ರರು, ಎದ್ದು ಹೋದರೆ ಕೇಳುವವರಿಲ್ಲ ಎಂದು ಮುಗಿಸಿದರು. ತುಳಜಾಬಾಯಿ ಕೊನೆಯವರೆಗೂ ಕಿವಿಗೊಟ್ಟು ಕೇಳಿದಳು. ಬೀಗದತ್ತ ಮೆಚ್ಚುಗೆಯಿಂದಲೇ ನೋಡಿದಳು.

"ಬೀಗ ಭಾಳ ಛಲೋ ಅದ, ಡಾಕ್ಟರ್ ಸಾಹೇಬ್ರ," ಎಂದಳು. "ಆದ್ರ ನನ್ನ ಕರಕೊಂಡು ಬಂದದ್ದು ಬೀಗ ಅಲ್ಲಲ್ಲ? ಮನ್ಷಾರು ಕರಕೊಂಡು ಬಂದಾರ. ನಮ್ಮ ಕಡೆ ಕರಕೊಂಡು ಬಂದವರೇ ಕಳಿಸಿಕೊಡೂದು ಪದ್ಧತಿ. ಯಾಕ ತಂದಿದ್ವಿ ಅಂತ ಹೇಳಿ, ಮನಿ ಬಾಗಲಾ ಮುಟ್ಟಿಸಬೇಕು. ಹಂಗ ಬೀಗ ಬಿಡ್ತು ಅಂತ ಎದ್ದು ಹೋಗಾಕ ನಾ ಏನು ಕೊಂಡವಾಡದಾಗ ಕೂಡಿಹಾಕಿದ ಎಮ್ಮೀ ಏನ್ರಿ?"

ಆ ಕಡೆಯ ಮಂದಿಗೆ ಇದು ಹೊಸ ಮಾತಲ್ಲ. ಬಾಣಂತನಕ್ಕೆ ಮಗಳನ್ನು ಕರೆದೊಯ್ದವರು ತಾವೇ ಕರೆತಂದು ಗಂಡನ ಮನೆಯ ಹೊಸ್ತಿಲು ದಾಟಿಸುತ್ತಾರೆ. ಬೀಗರನ್ನು ಕರೆತಂದವರು ಊರ ಅಗಸೆ ಬಾಗಿಲವರೆಗೆ ಹೋಗಿ ಕಳಿಸುತ್ತಾರೆ. ಹಾಗೆ ಕಳಿಸಿಕೊಡದಿದ್ದರೆ, ಏನೋ ಆಗಿದೆ ಎಂದು ಊರು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಕೊಣ್ಣೂರರಿಗೂ ಇದು ತಿಳಿದದ್ದೇ. ಆದರೆ ಠಾಣೆಗೂ ಬೀಗರ ಮನೆಗೂ ಎಲ್ಲಿಯ ನೆಂಟು ಎಂದು ಅವರಿಗೆ ಸಿಟ್ಟು ಬಂತು. ಮಹಾಸಭೆ, ಒಪ್ಪಂದ, ಜಗತ್ತಿನ ಕತ್ತಲೆ ಕೋಣೆಗಳಲ್ಲಿ ಈ ಬೀಗವನ್ನೇ ನಂಬಿಕೊಂಡು ಕೂತಿರುವ ಜನ, ಎಲ್ಲವನ್ನೂ ಅವಳೆದುರು ಹರಡಿದರು. ನಿಮ್ಮೊಬ್ಬರ ಹಟಕ್ಕೆ ಅವರೆಲ್ಲ ಬಲಿಯಾಗಬೇಕೇ ಎಂದು ಕೇಳಿದರು.

ತುಳಜಾಬಾಯಿ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿಯವರೆಗೆ ದನಿಯಲ್ಲಿದ್ದ ತಮಾಷೆ ಹೋಯಿತು.

"ನಾ ನಾಟಕದಾಕಿ. ಠಾಣೇದಾಗ ಒಂದು ರಾತ್ರಿ ಇದ್ದು ಬಂದ್ಲು ಅಂದ್ರ ಮಂದಿ ಏನೇನು ಅಂತಾರ, ನಿಮಗ ನಾ ಹೇಳಬೇಕೇನ್ರಿ? ಕಳವು ಮಾಡಿದ್ಲು ಅಂತಾನ ಒಬ್ಬ. ಇನ್ನೊಬ್ಬ ಅದಕ್ಕಿಂತ ಹೊಲಸು ಅಂತಾನ. ಕಾರಣ ಏನಂತ ಹಿಡಕೊಂಡು ಬಂದವರು ಬಾಯಿಬಿಟ್ಟು ಹೇಳಲಿಲ್ಲಂದ್ರ, ಊರು ಒಂದೊಂದು ಕಾರಣ ಹುಟ್ಟಸ್ತದ. ನಲವತ್ತು ವರ್ಷ ಮರ್ಯಾದಿಂದ ಬಣ್ಣ ಹಚ್ಚೀನಿ. ಇಷ್ಟೂ ಹೆಸರು ಇಲ್ಲೇ ಬಿಟ್ಟು ಬರೀ ಮೈ ಹೊತಗೊಂಡು ನಾ ಹೊರಗ ಬರಲಾರೆ."

ಕಾರಣವೇನಿರಬಹುದು ಎಂದು ಕೊಣ್ಣೂರರು ಕೇಳಿದರು. ಅವಳಿಗೆ ಊಹೆಯಿತ್ತು, ಅಷ್ಟೇ. ಕಂಪನಿ ನಾಟಕಗಳಲ್ಲಿ ನಟರು ಅಂದಂದಿನ ಸುದ್ದಿ ಹಿಡಿದು ಮಾತು ಸೇರಿಸುವುದುಂಟು. ಮೊನ್ನೆ ರಾಣಿಯ ಪಾತ್ರದಲ್ಲಿದ್ದಾಗ, ನಮ್ಮ ರಾಜ್ಯದಲ್ಲಿ ಕೆರೆಗೆ ನೀರಿಲ್ಲ, ಮಂತ್ರಿಯ ಅಂಗಳದ ಕಾರಂಜಿಗೆ ಮಾತ್ರ ಬರವಿಲ್ಲ ಎಂದು ಅವಳು ಒಂದು ಮಾತು ಎಸೆದಿದ್ದಳು. ಜನ ಸೀಟಿ ಹೊಡೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಂತ್ರಿಯ ಕಡೆಯವರು ಹೊಡೆಯಲಿಲ್ಲ. ಇದೇ ಕಾರಣವೆಂದು ಯಾರೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ.

ಕೊಣ್ಣೂರರು ಮೌನೇಶನನ್ನು ಪಕ್ಕಕ್ಕೆ ಕರೆದು, ಒಂದು ಕಾರಣ ಹೇಳಿ ಕಳಿಸಬಾರದೇ ಎಂದರು. ಮೌನೇಶ ಮುಜುಗರದಿಂದ ನಕ್ಕ. ಹೇಳುವುದಾದರೆ ಬರೆಯಬೇಕು, ಬರೆದರೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಅಲ್ಲಿ ಸಾವಿರ ಪ್ರಶ್ನೆ. ಮೊದಲು ಆ ಹೆದರಿಕೆಗೇ ಕಾರಣವಿಲ್ಲದೆ ಯಾರನ್ನೂ ತರುತ್ತಿರಲಿಲ್ಲ. ಈಗ ಆ ತಾಪತ್ರಯವೇ ಇಲ್ಲವೆಂದ. ಮೇಲಿನವರು ಯಾರನ್ನಾದರೂ ಸ್ವಲ್ಪ ಬೆದರಿಸು ಎಂದರೆ ತಂದು ಒಳಗೆ ಹಾಕಿದರಾಯಿತು. ಮಾರನೆಯ ದಿನ ಬೀಗ ತಾನೇ ಬಿಡುತ್ತದೆ, ಅವರು ತಾವೇ ಮನೆಗೆ ಹೋಗುತ್ತಾರೆ. ಬಿಟ್ಟವರೂ ಇಲ್ಲ, ಹಿಡಿದವರೂ ಇಲ್ಲ.

"ಯಾರಿಗೂ ತ್ರಾಸಿಲ್ಲ ನೋಡ್ರಿ ಸರ್," ಎಂದ ಅವನು, ಒಂದಿಷ್ಟೂ ಕಪಟವಿಲ್ಲದೆ.

ಕೊಣ್ಣೂರರು ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, ಎದುರಿನ ಬೀದಿಯಲ್ಲಿದ್ದ ನ್ಯಾಯಾಲಯಕ್ಕೆ ನೆಟ್ಟಗೆ ನಡೆದರು. ನ್ಯಾಯಾಧೀಶ ಸಿದ್ರಾಮ ಅಥಣಿಯವರು ಕೋರ್ಟಿನ ಸಭಾಂಗಣದಲ್ಲಿ ಒಬ್ಬರೇ ಕೂತು ಪತ್ರಿಕೆ ಓದುತ್ತಿದ್ದರು. ಬಂಧಿತರು ತಮ್ಮ ಮುಂದೆ ಬಂದು ತಿಂಗಳುಗಳೇ ಆದವು ಎಂದರು ಅವರು. ಊರು ತಣ್ಣಗಿದೆ, ಅಪರಾಧವೇ ಇಲ್ಲ, ಎಲ್ಲ ನಿಮ್ಮ ಬೀಗದ ಪುಣ್ಯ ಎಂದುಕೊಂಡಿದ್ದೆ ಎಂದರು. ಕೊಣ್ಣೂರರು ಕಂಡದ್ದನ್ನೆಲ್ಲ ಹೇಳಿದಾಗ ಪತ್ರಿಕೆಯನ್ನು ಮಡಚಿ ಕೆಳಗಿಟ್ಟರು.

ನಕ್ಷೆಯ ಮೇಲೆ ಆರುತ್ತಿದ್ದ ಒಂದೊಂದು ಹಳದಿ ದೀಪಕ್ಕೂ ತಾನು ಎದೆಯುಬ್ಬಿಸಿ ನಿಲ್ಲುತ್ತಿದ್ದುದು ಕೊಣ್ಣೂರರಿಗೆ ನೆನಪಾಯಿತು. ಅವುಗಳಲ್ಲಿ ಎಷ್ಟು ದೀಪ ನಿಜವಾದ ಬಿಡುಗಡೆ, ಎಷ್ಟು ದೀಪ ಹೀಗೆ ಬಾಯಿ ಮುಚ್ಚಿಸಿ ಕಳಿಸಿದ್ದು? ನೆಲಮಾಳಿಗೆಯಿಂದ ಬಿಸಿಲಿಗೆ ಬಂದ ಆ ಪತ್ರಕರ್ತನಿಗಾದರೂ, ನಿನ್ನನ್ನು ಹಿಡಿದದ್ದು ಏಕೆಂದು ಯಾರಾದರೂ ಹೇಳಿದರೇ? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ, ಕೇಳುವವರಿಲ್ಲದ ಒಂದು ದಿನದ ಜೈಲನ್ನು ಜಗತ್ತಿನ ಎಲ್ಲ ದರ್ಪದವರಿಗೂ ತಾನೇ ಕೈಯಾರೆ ಮಾಡಿಕೊಟ್ಟಂತಾಯಿತು. ಅವರಿಗೆ ನಾಚಿಕೆಯಾಯಿತು.

ನೀವು ಬಂದು ಆಕೆಯ ವಿಚಾರಣೆ ಮಾಡಬಹುದಲ್ಲ ಎಂದು ಅವರು ಅಥಣಿಯವರನ್ನು ಕೇಳಿದರು. ಅಥಣಿಯವರು ಆಗದೆಂದು ತಲೆಯಾಡಿಸಿದರು. ಬಂಧನದಲ್ಲಿರುವವರನ್ನು ಮಾತ್ರ ಕೋರ್ಟು ವಿಚಾರಿಸಬಹುದು. ಬಾಗಿಲು ತೆರೆದಿದ್ದರೆ ಬಂಧನವೆಲ್ಲಿ? ಆಮೇಲೆ ಏನೋ ಹೊಳೆದು, ಒಪ್ಪಂದದ ಶಾಸನವನ್ನು ತೆರೆದು ಓದಿದರು. ಕೆಂಪು ದೀಪ ಉರಿಯುತ್ತಿರುವಷ್ಟು ಕಾಲ ಒಳಗಿರುವ ವ್ಯಕ್ತಿ ಹೊರಬರಲಾರದ ಸ್ಥಿತಿಯಲ್ಲಿದ್ದಾರೆ, ಅಂದರೆ ಇನ್ನೂ ಬಂಧನದಲ್ಲಿದ್ದಾರೆ ಎಂದೇ ಕಾನೂನು ತಿಳಿಯುತ್ತದೆ. ಯಂತ್ರಕ್ಕೆ ದೋಷವಿಲ್ಲವೆಂದು ಯಂತ್ರದ ತಜ್ಞರು ಪ್ರಮಾಣ ಮಾಡಿ ಹೇಳಿದರೆ ನ್ಯಾಯಾಧೀಶರು ಆ ಸ್ಥಳಕ್ಕೇ ಹೋಗಬೇಕು. ಬೀಗ ಹಾಕಿದವರು ಅಲ್ಲಿಯೇ ಉತ್ತರ ಕೊಡಬೇಕು.

"ಈಗ ನೀವೇ ಹೇಳ್ರಿ, ಕೊಣ್ಣೂರ ಅವರ," ಎಂದರು ಅಥಣಿ. "ಆ ದೀಪ ಸುಳ್ಳೋ, ಖರೇನೋ?"

ಸುಳ್ಳೆಂದರೆ ಒಂದು ಸಣ್ಣ ದೋಷವನ್ನು ಸರಿಪಡಿಸಿದಂತಾಗಿ ಎಲ್ಲ ಸುಸೂತ್ರ. ಖರೆಯೆಂದರೆ, ತನ್ನ ಬೀಗ ತೆರೆದ ಮೇಲೂ ಬಂಧನ ಮುಗಿಯುವುದಿಲ್ಲವೆಂದು ತಾನೇ ಸಾರಿದಂತೆ. ಹೆಬ್ಬಾಗಿಲ ಮೇಲೆ ಕೆತ್ತಿದ ವಾಕ್ಯಕ್ಕೆ ತಾನೇ ಮಸಿ ಬಳಿದಂತೆ. ಮಹಾಸಭೆಯಲ್ಲಿ ನೆಪ ಹುಡುಕುವವರಿಗೆ ತಾನೇ ನೆಪ ಕೊಟ್ಟಂತೆ. ನಾಳೆ ಯೋಚಿಸಿ ಹೇಳುತ್ತೇನೆ ಎಂದು ಕೊಣ್ಣೂರರು ಎದ್ದರು.

ಆ ದಿನವೇ ಮಾತು ಊರು ದಾಟಿತ್ತು. ಕಾವಲು ಕೇಂದ್ರದ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ಒಪ್ಪಂದದಲ್ಲೇ ಹಾಗಿದೆ. ಕೆಂಪು ದೀಪ ಯಾರದೆಂದು ಜನ ಹುಡುಕಿದರು. ಕಿರೀಟ ತೊಟ್ಟು ತೆರೆದ ಲಾಕಪ್ಪಿನಲ್ಲಿ ಕೂತ ಹೆಂಗಸಿನ ಚಿತ್ರ, 'ಕರೆತಂದವರೇ ಕಳಿಸಿಕೊಡಲಿ' ಎಂಬ ಅವಳ ಮಾತು ಭಾಷೆಯಿಂದ ಭಾಷೆಗೆ ಹಾರಿ ಹೋದವು. ಮರುದಿನ ಬೆಳಿಗ್ಗೆ ಇನ್ನೊಂದು ಖಂಡದ ಊರೊಂದರಲ್ಲಿ ಬೀಗ ತೆರೆಯಿತು. ಒಳಗಿದ್ದ ಶಾಲಾ ಮಾಸ್ತರನೊಬ್ಬ ಎದ್ದು ನಿಂತು, ಯೋಚಿಸಿ, ಮತ್ತೆ ಕೂತ. ಮಧ್ಯಾಹ್ನದ ಹೊತ್ತಿಗೆ ಮತ್ತೆಲ್ಲೋ ಒಬ್ಬ ದಾದಿ ಕೂತಳು. ಮೀನುಗಾರರ ಇಡೀ ಗುಂಪೊಂದು ಕೂತಿತು. ನಕ್ಷೆಯ ಮೇಲೆ ಕೆಂಪು ದೀಪಗಳು ಹೆಚ್ಚುತ್ತಾ ಹೋದವು.

ಠಾಣೆಯ ಜಗಲಿಯಲ್ಲಿ ಕೂತಿದ್ದ ಕೊಣ್ಣೂರರಿಗೆ ಲೋಬೊ ಕರೆ ಮಾಡಿದರು. ರಾಜಧಾನಿಗಳಿಂದ ಫೋನಿನ ಮೇಲೆ ಫೋನು, ಯಂತ್ರ ಕೆಟ್ಟಿದೆಯೆಂದು ಎಲ್ಲರೂ ಕೂಗುತ್ತಿದ್ದಾರೆ, ಮಹಾಸಭೆಯನ್ನು ಇಂದು ಸಂಜೆಗೇ ಕರೆದಿದ್ದಾರೆ ಎಂದರು. ದಯವಿಟ್ಟು ಆ ದೀಪಗಳನ್ನು ಆರಿಸಿ ಎಂದು ಬೇಡಿಕೊಂಡರು. ಕೊಣ್ಣೂರರು ಫಲಕವನ್ನು ಕೈಗೆತ್ತಿಕೊಂಡರು. ತೆರೆದ ಬಾಗಿಲಿನಿಂದ ತುಳಜಾಬಾಯಿ ಕಾಣಿಸುತ್ತಿದ್ದಳು. ಕಾವಲಿನ ಹೆಂಗಸಿಗೆ ಯಾವುದೋ ಹಳೆಯ ಆಟದ ಮಾತು ಹೇಳಿ ನಗಿಸುತ್ತಿದ್ದಳು. ಹೊರಗೆ ಬರಲಾರೆ ಎಂದು ಹೇಳಿದಾಗ ಅವಳ ಮುಖ ಹೇಗಿತ್ತೆಂಬುದನ್ನು ಕೊಣ್ಣೂರರು ಮರೆತಿರಲಿಲ್ಲ. ಕಾಲಿಗೆ ಸರಪಳಿ ಬಿಗಿದವರಿಗೆಂದು ಇಟ್ಟ ದೀಪ ಇದು. ಇವಳ ಕಾಲಿಗೂ ಬಿಗಿದಿದ್ದಾರೆ, ಕಣ್ಣಿಗೆ ಕಾಣದಂತೆ ಬಿಗಿದಿದ್ದಾರೆ, ಅಷ್ಟೇ ವ್ಯತ್ಯಾಸ. ಅದನ್ನು ಕಂಡದ್ದು ತನ್ನ ಬೀಗವೇ ಅಲ್ಲವೇ! ಮಾಡಿದವನಿಗೇ ಗೊತ್ತಿಲ್ಲದ್ದು ಅದಕ್ಕೆ ಗೊತ್ತಾಗಿತ್ತು. ಅವರು ಫಲಕವನ್ನು ಚೀಲಕ್ಕೆ ಹಾಕಿ, ಅಥಣಿಯವರಿಗೆ ಹೇಳಿ ಕಳಿಸಿದರು.

ವಿಚಾರಣೆ ಠಾಣೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ನಡೆಯಿತು. ಅರ್ಧ ಊರು ಸೇರಿತ್ತು. ತುಳಜಾಬಾಯಿ ಲಾಕಪ್ಪಿನ ಹೊಸ್ತಿಲ ಒಳಗೇ ನಿಂತಳು; ಅದನ್ನು ದಾಟಲಿಲ್ಲ. ಕೊಣ್ಣೂರರು ಪ್ರಮಾಣ ಮಾಡಿ, ಯಂತ್ರದಲ್ಲಿ ದೋಷವಿಲ್ಲ, ಈಕೆ ಹೊರಬರಲಾರದ ಸ್ಥಿತಿಯಲ್ಲಿದ್ದಾರೆ, ದೀಪ ನಿಜವನ್ನೇ ಹೇಳುತ್ತಿದೆ ಎಂದರು. ಆಮೇಲೆ ಅಥಣಿಯವರು ಮೌನೇಶನತ್ತ ತಿರುಗಿ, ಯಾವ ಕಾರಣಕ್ಕೆ ಈಕೆಯನ್ನು ತಂದಿರಿ ಎಂದು ಕೇಳಿದರು.

ಮೌನೇಶ ಟೊಪ್ಪಿಗೆ ತೆಗೆದ, ಮತ್ತೆ ಹಾಕಿಕೊಂಡ. ಅಷ್ಟು ದಿನ ಬೀಗದ ಹಿಂದೆ ನಿಂತವನಿಗೆ ಈಗ ನಿಲ್ಲಲು ಮರೆಯೇ ಇರಲಿಲ್ಲ. ಪಾಪ, ಕೆಟ್ಟವನೇನಲ್ಲ, ಆದರೆ ಕೇಳುವವರಿಲ್ಲದಿದ್ದರೆ ಒಳ್ಳೆಯವನ ಕೈಯೂ ಎಲ್ಲಿಗೆ ಬೇಕಾದರೂ ಹೋಗುತ್ತದೆ.

"ಮಂತ್ರಿಗಳ ಕಡೆಯಿಂದ ಫೋನ್ ಬಂದಿತ್ತು ಸಾಹೇಬ್ರ," ಎಂದ ಕೊನೆಗೆ. "ನಾಟಕದಾಗ ಅವರ ಮ್ಯಾಲೆ ಮಾತಾಡಿದ್ರು ಅಂತ. ಬ್ಯಾರೆ ಕಾರಣ ಇಲ್ಲ. ಬಾಯಾರು ಏನೂ ತಪ್ಪು ಮಾಡಿಲ್ಲ."

ಅಥಣಿಯವರು, ರಂಗದ ಮೇಲೆ ಮಂತ್ರಿಯನ್ನು ಹಾಸ್ಯ ಮಾಡುವುದು ಈ ನೆಲದ ಕಾನೂನಿನಲ್ಲಿ ಅಪರಾಧವಲ್ಲ, ಈ ಬಂಧನ ಕಾನೂನುಬಾಹಿರ, ಬಂಧಿಸಿದ ಅಧಿಕಾರಿಯೂ ಫೋನು ಮಾಡಿದವರೂ ಮುಂದೆ ಉತ್ತರ ಕೊಡಬೇಕು ಎಂದು ಎಲ್ಲರಿಗೂ ಕೇಳುವಂತೆ ಆಜ್ಞೆ ಓದಿದರು. ತುಳಜಾಬಾಯಿ ಕಿರೀಟ ತಲೆಗಿಟ್ಟುಕೊಂಡಳು. ಕಣ್ಣೀರು ಬಣ್ಣದ ಮೇಲೆ ಗೆರೆ ಎಳೆದು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಹೊಸ್ತಿಲು ದಾಟಿ, ಮೌನೇಶ ಮುಂದೆ ತಾನು ಹಿಂದೆ, ಪೇಟೆಯ ನಟ್ಟ ನಡುವಿನ ಬೀದಿಯಲ್ಲಿ ನಡೆದು ಹೋದಳು. ಅಂಗಡಿಯವರು ಎದ್ದು ನಿಂತರು. ಬಿಡಾರದ ಬಾಗಿಲಲ್ಲಿ ಮೌನೇಶ, ಕಾರಣವಿಲ್ಲದೆ ಕರೆದೊಯ್ದಿದ್ದೆವು, ಮರ್ಯಾದೆಯಿಂದ ಮುಟ್ಟಿಸಿದ್ದೇವೆ ಎಂದು ಕಂಪನಿಯವರೆಲ್ಲರ ಮುಂದೆ ಹೇಳಿದ. ಕೊಣ್ಣೂರರು ಜನರ ಹಿಂದೆ ನಿಂತು ನೋಡುತ್ತಿದ್ದರು. ನಕ್ಷೆಯ ಮುಂದೆ ನಿಂತಾಗ ಎಂದೂ ಆಗದಷ್ಟು ಹೆಮ್ಮೆ ಅವರಿಗಾಯಿತು.

ಸಂಜೆ ಅವರು ಠಾಣೆಯ ಕೋಣೆಯಿಂದಲೇ ವಿಡಿಯೊ ತೆರೆಯ ಮೂಲಕ ಮಹಾಸಭೆಯ ಎದುರು ಕೂತರು. ಸಭಾಂಗಣದಲ್ಲೂ ಅದೇ ನಕ್ಷೆ ಇತ್ತು. ಕೆಂಚನದುರ್ಗದ ದೀಪ ಆರಿತ್ತು. ಉಳಿದಂತೆ ಕೆಂಪು ಎಲ್ಲೆಲ್ಲೂ ಹರಡಿತ್ತು. ಹೊರಬೀಳಲು ಕಾದಿದ್ದ ದೇಶವೊಂದರ ಪ್ರತಿನಿಧಿ ಎದ್ದು, ಡಾಕ್ಟರರೇ, ನಿಮ್ಮ ಯಂತ್ರದಲ್ಲಿ ಈಗ ಎಷ್ಟು ದೋಷಗಳಿವೆ ಎಂದು ನಗುತ್ತಾ ಕೇಳಿದ. ಧಾರವಾಡದಿಂದ ಇನ್ನೊಂದು ತೆರೆಯಲ್ಲಿ ಕಾಣಿಸುತ್ತಿದ್ದ ಲೋಬೊ ತಲೆ ತಗ್ಗಿಸಿದರು.

"ಒಂದೂ ಇಲ್ಲ," ಎಂದರು ಕೊಣ್ಣೂರರು. "ಅವರೆಲ್ಲ ಮನುಷ್ಯರು. ತಮ್ಮನ್ನು ಏಕೆ ಹಿಡಿದಿರಿ ಎಂದು ಕೇಳುತ್ತಿದ್ದಾರೆ. ಉತ್ತರ ಕೊಟ್ಟರೆ ದೀಪ ತಾನೇ ಆರುತ್ತದೆ. ಇದನ್ನು ನನ್ನ ಬೀಗ ಮಾಡಲಾರದು, ನೀವೇ ಮಾಡಬೇಕು. ಅನ್ಯಾಯದ ಬಂಧನ ಒಂದು ದಿನ ದಾಟದು ಎಂದು ನಾನು ಬರೆಸಿದ್ದೆ. ಅದು ತಪ್ಪು. ನಾಳೆ ಆ ಕಲ್ಲನ್ನು ತೆಗೆಸುತ್ತೇನೆ."

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಪುಟ್ಟ ದ್ವೀಪದೇಶದ ಪ್ರತಿನಿಧಿ ಎದ್ದು, ನಮ್ಮಲ್ಲಿ ಕೂತವರ ಬಳಿಗೆ ಇವತ್ತೇ ನ್ಯಾಯಾಧೀಶರನ್ನು ಕಳಿಸುತ್ತೇವೆ ಎಂದಳು. ಅವಳ ಹಿಂದೆ ಇನ್ನೊಬ್ಬರು ಎದ್ದರು. ಎಲ್ಲರೂ ಏಳಲಿಲ್ಲ; ಎದ್ದು ಹೊರಗೆ ಹೋದವರೂ ಇದ್ದರು. ಆದರೆ ಬೀಗ ಉಳಿಯಿತು. ಬೀಗ ಹಾಕಿದವರು ಬಾಯಿಬಿಡಬೇಕು ಎಂಬ ಮಾತೂ ಒಪ್ಪಂದದಲ್ಲಿ ಸೇರಿತು.

ಇಷ್ಟಕ್ಕೆ ಮುಗಿಯಿತೆಂದು ಕೊಣ್ಣೂರರು ಮರುದಿನ ಬೆಳಿಗ್ಗೆ ಧಾರವಾಡದ ಬಸ್ಸು ಹತ್ತಿದ್ದರು. ಬಸ್ಸು ಇನ್ನೂ ಊರ ಅಗಸೆ ದಾಟಿರಲಿಲ್ಲ, ಮೌನೇಶನ ಫೋನು ಬಂತು. ಕೆಂಚನದುರ್ಗದ ದೀಪ ಮತ್ತೆ ಹೊತ್ತಿತ್ತು. ಹಿಂದಿನ ತಿಂಗಳುಗಳಲ್ಲಿ ಬೀಗ ಬಿಟ್ಟೊಡನೆ ತಲೆತಗ್ಗಿಸಿ ಮನೆಗೆ ಹೋಗಿದ್ದವರೆಲ್ಲ ಒಬ್ಬೊಬ್ಬರಾಗಿ ತಾವೇ ವಾಪಸು ಬಂದಿದ್ದರು. ಬಾಳೆಹಣ್ಣು ಮಾರುವವಳು, ಕಾಲೇಜಿನ ಇಬ್ಬರು ಹುಡುಗಿಯರು, ನಳದ ನೀರಿಗಾಗಿ ಮೆರವಣಿಗೆ ತೆಗೆದಿದ್ದ ಓಣಿಯ ಹಿರಿಯರು. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಲಾಕಪ್ಪಿನಲ್ಲಿ ಒತ್ತಾಗಿ ಕೂತು, ಜಾಗ ಸಾಲದವರು ಜಗಲಿಯ ಮೇಲೆ ಕೂತು, ತಮ್ಮ ತಮ್ಮ ಸರದಿ ಕಾಯುತ್ತಿದ್ದರು.

"ಎಲ್ಲಾರೂ ಯಾಕ ಹಿಡದಿದ್ರಿ ಅಂತ ಕೇಳಾಕತ್ತಾರ ಸರ್. ಏನು ಮಾಡ್ಲಿ?"

"ಚಹಾ ಕೊಡ್ರಿ. ಅಥಣಿ ಸಾಹೇಬ್ರನ್ನ ಕರೀರಿ. ಒಬ್ಬೊಬ್ಬರಿಗೂ ಕಾರಣ ಹೇಳ್ರಿ," ಎಂದರು ಕೊಣ್ಣೂರರು.

ಆ ಕಡೆ ಮೌನೇಶ ದನಿ ತಗ್ಗಿಸಿದ.

"ಕಾರಣ ನನಗೂ ಗೊತ್ತಿಲ್ಲಂದ್ರ?"

"ಅದನ್ನ ಅವರ ಮುಖಾ ನೋಡಿ ಹೇಳ್ರಿ."